ಮಿನಿ ಟ್ರ್ಯಾಕ್ಟರ್ ಮುಂದಿನ ಲೋಡರ್ ನಿಜವಾಗಿ ಎಷ್ಟು ಕೆಜಿ ಎತ್ತುತ್ತೆ?

ಬೇಣದಮನೆ (ಸಾಗರ):

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಎರಡೂವರೆ ಎಕರೆ ಅಡಿಕೆ ತೋಟ. ಗೊಬ್ಬರ ಹೊರುವುದಕ್ಕೆ, ಹೊಸ ಮಣ್ಣು ಹಾಕುವುದಕ್ಕೆ ಜನ ಸಿಗುತ್ತಿಲ್ಲ. ಸಿಕ್ಕಿದವರಿಗೂ ವಯಸ್ಸಾಗಿದೆ, ಅವರ ತಲೆ ಮೇಲೆ ಬುಟ್ಟಿ ಇಡುವುದಕ್ಕೆ ನನಗೇ ಮನಸ್ಸು ಬರುವುದಿಲ್ಲ. ಅದಕ್ಕೇ ಒಂದು ನಾಲ್ಕು ಚಕ್ರಕ್ಕೂ ಡ್ರೈವ್ ಇರುವ ಮಿನಿ ಟ್ರ್ಯಾಕ್ಟರ್ ತಗೊಂಡು ಮುಂದೆ ಲೋಡರ್ (ಮಾಲು ಎತ್ತುವ ತೋಳು, ಬಕೆಟ್) ಹಾಕಿಸಬೇಕು ಅಂತ ಇದ್ದೇನೆ.

ಕುಬೋಟಾ ಬಿ2441, ಬಿ2741, ಮಹೀಂದ್ರಾ ಜೀವೋ 245 ನೋಡಿದೆ. ಮೂರರ ಕಾಗದದಲ್ಲೂ ಎತ್ತುವ ಶಕ್ತಿ 750 ಕೆಜಿ ಅಂತಲೇ ಇದೆ. ಜಾನ್ ಡೀರ್ 3028ಇಎನ್‌ಗೆ 910 ಅಂತಿದೆ. ಹಾಗಾದರೆ ಲೋಡರ್ ಹಾಕಿಸಿದರೆ ಬಕೆಟ್‌ನಲ್ಲಿ 750 ಕೆಜಿ ಎತ್ತುತ್ತಾ? ಷೋರೂಮಿನಲ್ಲಿ ಒಬ್ಬರು ಹೌದು ಅಂದರು. ಲೋಡರ್ ಮಾಡಿಕೊಡುವವರನ್ನು ಕೇಳಿದರೆ ಅರ್ಧ ಟನ್ನಿಗೆ ಮೋಸ ಇಲ್ಲ ಅಂದರು. ಯಾರನ್ನು ನಂಬಬೇಕು? ಬಳಸುತ್ತಿರುವವರು ದಯವಿಟ್ಟು ಹೇಳಿ.

ವರ್ಕ್‌ಶಾಪ್ (ಶಿವಮೊಗ್ಗ):

ಸರ್, ಮೊದಲು ಆ 750 ಅನ್ನು ತಲೆಯಿಂದ ತೆಗೆದುಹಾಕಿ. ಅದು ಹಿಂದಿನ ಲಿಫ್ಟಿನ ಲೆಕ್ಕ, ರೋಟವೇಟರ್, ನೇಗಿಲು ಎತ್ತುವ ತೋಳಿನ ತುದಿಯದ್ದು. ಮುಂದಿನ ಲೋಡರ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಲೋಡರ್ ಎತ್ತುವುದು ಅದರದ್ದೇ ಹೈಡ್ರಾಲಿಕ್ ಸಿಲಿಂಡರ್‌ನಿಂದ, ಅಂದರೆ ಎಣ್ಣೆಯ ಒತ್ತಡದಿಂದ ತೋಳನ್ನು ತಳ್ಳುವ ಕೊಳವೆಯಿಂದ. ಸಿಲಿಂಡರ್ ಎಷ್ಟು ದಪ್ಪ, ಪಂಪು ಎಷ್ಟು ಪ್ರೆಷರ್ ಕೊಡುತ್ತೆ, ತೋಳು ಎಷ್ಟು ಉದ್ದ, ಈ ಮೂರರ ಮೇಲೆ ನಿಂತಿದೆ.

ಲೋಡರ್‌ಗೆ ಅಂತ ಹೇಳುವ ಕೆಜಿಯಲ್ಲೂ ಎರಡು ಥರ ಇದೆ. ಒಂದು, ಬಕೆಟ್ ಸಿಕ್ಕಿಸಿದ ಪಿನ್ ಹತ್ತಿರ ಅಳೆದದ್ದು. ಇನ್ನೊಂದು, ಪಿನ್ನಿಂದ 500 ಎಂಎಂ ಮುಂದೆ, ಅಂದರೆ ಬಕೆಟ್‌ನಲ್ಲಿ ಮಾಲು ನಿಜವಾಗಿ ಕೂರುವ ಜಾಗದಲ್ಲಿ ಅಳೆದದ್ದು. ಎರಡನೆಯದು ಯಾವಾಗಲೂ ಕಡಿಮೆ. ಬಿಂದಿಗೆ ಎದೆಗೆ ಒತ್ತಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ವ್ಯತ್ಯಾಸ ಇದೆಯಲ್ಲ, ಅಷ್ಟೇ. ನೆಲದಿಂದ ಕೀಳುವ ಬಲವೇ ಬೇರೆ, ಪೂರ್ತಿ ಮೇಲೆ ಎತ್ತುವ ಬಲವೇ ಬೇರೆ. ಮಾಡಿಕೊಡುವವರು ಅರ್ಧ ಟನ್ ಅಂದರೆ ಎಲ್ಲಿ, ಎಷ್ಟು ಎತ್ತರದಲ್ಲಿ, ಬಕೆಟ್ ತೂಕ ಸೇರಿಸಿಯೋ ಬಿಟ್ಟೋ ಅಂತ ಕೇಳಿ. ಉತ್ತರ ಬರದಿದ್ದರೆ ಆ ಅಂಕಿ ಬಿಟ್ಟುಬಿಡಿ.

ಗುಡ್ಡೆತೋಟ (ಪುತ್ತೂರು):

ನನ್ನ ಹತ್ತಿರ 24 ಎಚ್‌ಪಿ ಗಾಡಿಗೆ ಲೋಡರ್ ಇದೆ, ನಾಲ್ಕನೇ ವರ್ಷ. ನಾನು ಸಿಮೆಂಟ್ ಚೀಲ ಇಟ್ಟು ನೋಡಿದ್ದೇನೆ. ಒಂದು ಚೀಲ 50 ಕೆಜಿ, ಅದರಲ್ಲಿ ಅನುಮಾನವಿಲ್ಲ. ನಾಲ್ಕು ಚೀಲ ಬಕೆಟ್ಟಿನ ಹಿಂಭಾಗಕ್ಕೆ ಒರಗಿಸಿ ಇಟ್ಟಾಗ ಸಲೀಸಾಗಿ ಪೂರ್ತಿ ಮೇಲೆ ಹೋಯಿತು. ಐದನೆಯದು ಹಾಕಿದೆ, ಎದೆ ಮಟ್ಟ ದಾಟಿದ ಮೇಲೆ ರಿಲೀಫ್ ವಾಲ್ವ್ (ಪ್ರೆಷರ್ ಮಿತಿ ಮೀರಿದರೆ ಎಣ್ಣೆಯನ್ನು ವಾಪಸ್ ಬಿಡುವ ಕವಾಟ) ಕುಂಯ್ ಅಂತ ಕಿರುಚಲು ಶುರು, ತೋಳು ಅಲ್ಲೇ ನಿಂತಿತು. ಅದೇ ನಾಲ್ಕು ಚೀಲವನ್ನು ಬಕೆಟ್ ಬಾಯಿಗೆ ಸರಿಸಿ ಇಟ್ಟರೆ? ಅದೂ ಅರ್ಧಕ್ಕೇ ನಿಂತಿತು. ಅಂದರೆ ನನ್ನ ಗಾಡಿ 200 ಕೆಜಿಯದ್ದು, ಅದೂ ಮಾಲು ಹಿಂದೆ ಕೂತರೆ ಮಾತ್ರ. ಮಾಡಿಕೊಟ್ಟವರು ನನಗೂ ಅರ್ಧ ಟನ್ ಅಂತಲೇ ಹೇಳಿದ್ದರು.

ಆದರೆ 200 ಸಾಕು ಅಣ್ಣ, ನಿಜವಾಗಿ ಸಾಕು. ನಾಲ್ಕು ಅಡಿ ಅಗಲದ ಬಕೆಟ್ ಹೆಚ್ಚುಕಡಿಮೆ 5 ಸಿಎಫ್‌ಟಿ (ಘನ ಅಡಿ) ಹಿಡಿಯುತ್ತೆ. ಕೊಟ್ಟಿಗೆ ಗೊಬ್ಬರ ಒಣಗಿದ್ದರೆ ತುಂಬಿಸಿದರೂ 100 ಕೆಜಿ ದಾಟುವುದಿಲ್ಲ, ಹಸಿ ಸಗಣಿ ಆದರೆ 140ರ ಹತ್ತಿರ. ಸಡಿಲ ಮಣ್ಣು 180-200. ಕಷ್ಟ ಬರುವುದು ಮರಳಿಗೆ, ಜಲ್ಲಿಗೆ. ಒದ್ದೆ ಮರಳು ಒಂದು ಸಿಎಫ್‌ಟಿಗೇ 50 ಕೆಜಿ ಬರುತ್ತೆ, ರಾಶಿ ಹಾಕಿಕೊಂಡರೆ ಗಾಡಿ ಹಿಂದಿನ ಚಕ್ರ ಎತ್ತುತ್ತೆ. ಅದಕ್ಕೆ ಮುಕ್ಕಾಲು ಬಕೆಟ್ ಹಾಕಿಕೊಂಡು ಎರಡು ಸಲ ಜಾಸ್ತಿ ಓಡಾಡುತ್ತೇನೆ.

ಒಂದು ವಿಷಯ ಮಾತ್ರ ಜೋರಾಗಿ ಹೇಳಬೇಕು. ನನ್ನ ಲೋಡರಿನ ಸ್ಟ್ಯಾಂಡನ್ನು ಬರೀ ಕ್ಲಚ್ ಹೌಸಿಂಗಿನ (ಗಾಡಿಯ ನಡುವೆ ಕ್ಲಚ್ಚನ್ನು ಮುಚ್ಚಿರುವ ಲೋಹದ ಕವಚ) ಬೋಲ್ಟುಗಳಿಗೆ ಕೂರಿಸಿದ್ದರು. ಎರಡನೇ ಮಳೆಗಾಲದಲ್ಲಿ ಒಂದು ದಿನ ತೊಳೆಯುವಾಗ ಅಲ್ಲಿ ಎಣ್ಣೆ ಜಿನುಗಿದ್ದು ಕಂಡಿತು. ಬಟ್ಟೆಯಲ್ಲಿ ಒರೆಸಿ ನೋಡಿದರೆ ಕೂದಲೆಳೆಯಷ್ಟು ಬಿರುಕು, ಬೋಲ್ಟ್ ತೂತಿನಿಂದ ಕೆಳಕ್ಕೆ ಒಂದು ಗೇಣು. ಗಾಡಿಯನ್ನು ನಡುವೆ ಎರಡು ಭಾಗವಾಗಿ ಬಿಚ್ಚಿ ಹೌಸಿಂಗ್ ಬದಲಿಸಬೇಕಾಯಿತು. ಅಡಿಕೆ ಕೊಯ್ಲಿನ ಹೊತ್ತಿಗೇ ಗಾಡಿ ಇಲ್ಲ. ಈಗ ಎರಡೂ ಕಡೆ ಲೋಡರ್ ಸ್ಟ್ಯಾಂಡಿನಿಂದ ಹಿಂದಿನ ಆಕ್ಸಲ್‌ವರೆಗೆ ಕಬ್ಬಿಣದ ಚಾನೆಲ್ ಎಳೆಸಿದ್ದೇನೆ. ನೀವು ಮೊದಲೇ ಹಾಗೆ ಮಾಡಿಸಿ.

ಬೇಣದಮನೆ (ಸಾಗರ):

ತುಂಬಾ ಉಪಕಾರ ಆಯಿತು. ಹಾಗಾದರೆ ದಪ್ಪ ಸಿಲಿಂಡರ್ ಹಾಕಿಸಿದರೆ ಆಗುವುದಿಲ್ಲವೇ? 40 ಎಂಎಂ ಬದಲು 50 ಹಾಕಿಕೊಡುತ್ತೇವೆ ಅಂತಿದ್ದಾರೆ.

ವರ್ಕ್‌ಶಾಪ್ (ಶಿವಮೊಗ್ಗ):

ಎತ್ತುತ್ತೆ ಸರ್, ಒಂದೂವರೆ ಪಟ್ಟಿಗಿಂತ ಜಾಸ್ತಿ ಬಲ ಬರುತ್ತೆ. ಅಷ್ಟೇ ಎಣ್ಣೆಯಲ್ಲಿ ದೊಡ್ಡ ಸಿಲಿಂಡರ್ ತುಂಬಬೇಕಾದ್ದರಿಂದ ನಿಧಾನವೂ ಆಗುತ್ತೆ. ಆದರೆ ಎತ್ತಿದ ಭಾರ ಯಾರ ಮೇಲೆ ಕೂರುತ್ತೆ, ಅದನ್ನು ನೋಡಿ.

ಗಾಡಿ 650 ಕೆಜಿ, ನೀವು 70, ಲೋಡರ್ 180, ಮಾಲು 250 ಅಂತ ಇಟ್ಟುಕೊಳ್ಳಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಒಂದೂವರೆ ಮೀಟರ್. ಲೋಡರ್ ಭಾರ ಮುಂದಿನ ಆಕ್ಸಲ್‌ಗಿಂತ ಅರ್ಧ ಮೀಟರ್ ಮುಂದೆ, ಮಾಲು ಒಂದು ಮೀಟರ್ ಮುಂದೆ. ತಕ್ಕಡಿ ಲೆಕ್ಕ ಮಾಡಿದರೆ ಖಾಲಿ ಗಾಡಿಯಲ್ಲಿ ನಿಮ್ಮನ್ನೂ ಸೇರಿಸಿ ಹಿಂದೆ 420 ಕೆಜಿ ಇದ್ದದ್ದು 200ಕ್ಕಿಂತ ಕಡಿಮೆಗೆ ಇಳಿಯುತ್ತೆ. ಮುಂದಿನ ಆಕ್ಸಲ್ ಮೇಲೆ 950 ದಾಟುತ್ತೆ! ಆ ಪುಟ್ಟ ಚಕ್ರ, ಒಳಗಿನ ಬೆವೆಲ್ ಗೇರು, ಸೀಲು ಎಲ್ಲದರ ಮೇಲೂ ಅಷ್ಟು ಭಾರ. ಮತ್ತೆ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ. ಹಿಂದೆ ಭಾರವೇ ಇಲ್ಲದಿದ್ದರೆ ನಿಮ್ಮ ಧರೆಯ ಇಳಿಜಾರಲ್ಲಿ ಬ್ರೇಕ್ ಹಿಡಿಯುವುದಾದರೂ ಹೇಗೆ?

ಈಗ ಹಿಂದಿನ ಲಿಫ್ಟಿಗೆ 200 ಕೆಜಿ ಕಾಂಕ್ರೀಟ್ ದಿಮ್ಮಿ ಕಟ್ಟಿ. ಹಿಂದೆ 500 ಆಗುತ್ತೆ, ಮುಂದಿನದು 850ಕ್ಕೆ ಇಳಿಯುತ್ತೆ. ಸುಮ್ನೆ ಮುಂದಿನ ಬಂಪರ್‌ಗೆ ತೂಕ ಹಾಕಬೇಡಿ, ಅದು ಉಲ್ಟಾ ಕೆಲಸ. ರಿಲೀಫ್ ವಾಲ್ವ್ ಬಿಗಿ ಮಾಡಿಕೊಡುತ್ತೇನೆ ಅಂತ ಯಾರಾದರೂ ಬಂದರೆ ಕೈ ಹಾಕಲು ಬಿಡಬೇಡಿ. ಆ ವಾಲ್ವು ನಿಲ್ಲಿಸುವುದರಿಂದಲೇ ಎಷ್ಟೋ ಆಕ್ಸಲ್ ಉಳಿದಿದೆ.

ಕೆರೊಲಿನಾ ಕನ್ನಡಿಗ:

ಇಲ್ಲಿ ಅಮೆರಿಕದಲ್ಲಿ ಈ ಗಾತ್ರದ ಗಾಡಿಗೆ ಲೋಡರ್ ಕಂಪನಿಯಿಂದಲೇ ಬರುತ್ತೆ, ಅದಕ್ಕೇ ಹೋಲಿಸುವುದು ಸುಲಭ. ನನ್ನ ಮನೆಯಲ್ಲಿ ಕುಬೋಟಾ ಬಿಎಕ್ಸ್2380 ಇದೆ, ಹೆಚ್ಚುಕಡಿಮೆ ನಿಮ್ಮ ಬಿ2441 ಗಾತ್ರದ್ದೇ. ಅದರ ಲೋಡರ್‌ಗೆ ಕಂಪನಿಯವರೇ ಹೇಳುವುದು ಪಿನ್ ಹತ್ತಿರ, ಪೂರ್ತಿ ಎತ್ತರದಲ್ಲಿ 739 ಪೌಂಡ್, ಅಂದರೆ 335 ಕೆಜಿ. ಎತ್ತರ ಸುಮಾರು 1.8 ಮೀಟರ್. ಒಂದು ಗಾತ್ರ ಮೇಲಿನ ಎಲ್2501ಗೆ ಹೋದರೆ 513 ಕೆಜಿ. ಎರಡರ ಎಂಜಿನ್ ಶಕ್ತಿ ನೋಡಿದರೆ ಅಂಥ ಅಂತರ ಇಲ್ಲ. ಜಾಸ್ತಿ ಇರುವುದು ಗಾಡಿಯ ತೂಕ, ಆಕ್ಸಲ್, ಚಕ್ರ. ಎಚ್‌ಪಿ ನೋಡಿ ಲೋಡರ್ ಅಳೆಯಬೇಡಿ ಅಂತ ನಾನು ಹೇಳುವುದು ಅದಕ್ಕೆ. ಕಂಪನಿಯದ್ದೇ 335 ಇರುವಾಗ ಅದೇ ಗಾತ್ರದ ಗಾಡಿಗೆ ಅರ್ಧ ಟನ್ ಅಂದರೆ ನಾನಂತೂ ನಂಬುವುದಿಲ್ಲ.

ಒಮ್ಮೆ ಬಕೆಟ್ ತೆಗೆದು ಫೋರ್ಕ್ ಹಾಕಿ 200 ಲೀಟರ್ ನೀರಿನ ಡ್ರಮ್ ಎತ್ತಲು ಹೋದೆ. 335ರಲ್ಲಿ 200 ಎಷ್ಟರದು ಅಂದುಕೊಂಡಿದ್ದೆ. ಸೊಂಟದ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಫೋರ್ಕಿನ ತೂಕವೂ ಸೇರಿತು, ಡ್ರಮ್ ಪಿನ್ನಿಂದ ಎರಡಡಿ ದೂರ ಕೂತಿತ್ತು. ಹೊರುವಾಗ ಬಕೆಟ್ಟನ್ನು ನೆಲದಿಂದ ಒಂದಡಿಗಿಂತ ಮೇಲೆ ಇಡಬೇಡಿ, ತಿರುವಿನಲ್ಲಂತೂ ಬೇಡವೇ ಬೇಡ.

ಬೇಣದಮನೆ (ಸಾಗರ):

ಎಲ್ಲರಿಗೂ ಧನ್ಯವಾದ. ನಿನ್ನೆ ಗೊಬ್ಬರಗುಂಡಿ ಹತ್ತಿರ ಟ್ರಾಲಿ ನಿಲ್ಲಿಸಿ ಅಳತೆ ಹಿಡಿದೆ, ಅಂಚು ನೆಲದಿಂದ ನಾಲ್ಕೂಕಾಲು ಅಡಿ. 200 ಕೆಜಿ ಅಷ್ಟು ಎತ್ತರಕ್ಕೆ ಹೋದರೆ ನನ್ನ ಕೆಲಸ ಆಯಿತು. 40 ಎಂಎಂ ಸಿಲಿಂಡರೇ ಸಾಕು ಅಂತ ಹೇಳಿಬಿಟ್ಟೆ, ಚಾನೆಲ್ ಹಿಂದಿನ ಆಕ್ಸಲ್‌ವರೆಗೆ ಬರಲೇಬೇಕು ಅಂದೆ. ಪುತ್ತೂರಿನ ಅಣ್ಣ, ನಿಮ್ಮ ಚಾನೆಲ್ ಎಷ್ಟು ದಪ್ಪದ್ದು, ಆಕ್ಸಲ್ ಹತ್ತಿರ ಎಷ್ಟು ಬೋಲ್ಟ್ ಹಾಕಿಸಿದ್ದೀರಿ? ಆಗುವುದಾದರೆ ಒಂದು ಫೋಟೋ ಹಾಕಿ, ವೆಲ್ಡಿಂಗ್ ಮಾಡುವವರಿಗೆ ತೋರಿಸುತ್ತೇನೆ.

ಗುಡ್ಡೆತೋಟ (ಪುತ್ತೂರು):

ಗಾಡಿ ಕೆಳಗಿನ ತೋಟದಲ್ಲಿದೆ. ಸಂಜೆ ತಂದು ತೊಳೆದು, ಅಳತೆ ಪಟ್ಟಿ ಇಟ್ಟೇ ಫೋಟೋ ತೆಗೆದು ಹಾಕುತ್ತೇನೆ ಅಣ್ಣ.