ಶಾಲೆಯ ರ‍್ಯಾಂಪ್‌ಗೆ 8 ಅಡಿ ಉದ್ದ ಸಾಕೇ?

ಕರಿಹಲಗೆ:
ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಜೂನ್‌ನಲ್ಲಿ 4ನೇ ತರಗತಿಗೆ ವೀಲ್‌ಚೇರ್ ಬಳಸುವ ಹುಡುಗಿ ಸೇರುತ್ತಾಳೆ. ಜಗಲಿಗೆ ಆರಂಗುಲದ ಮೂರು ಮೆಟ್ಟಿಲು, ಅದರ ಮುಂದೆ 12 ಅಡಿ ಬಿಟ್ಟರೆ ಧ್ವಜಕಟ್ಟೆ. ಮೇಸ್ತ್ರಿ 8 ಅಡಿ ರ‍್ಯಾಂಪ್ ಸಾಕು ಅಂತಾರೆ. ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿ) ಕೆಲವರು ‘ಒಂದು ಮಗು ತಾನೆ, ಎತ್ತಿಕೊಂಡು ಹೋದರಾಯಿತು’ ಅಂತಿದ್ದಾರೆ. ಏನು ಮಾಡಬಹುದು?

ಗಾರೆಕರಣೆ:
ಸಾಲದು. ಲೆಕ್ಕ 1:12, ಅಂದರೆ ಒಂದಂಗುಲ ಏರಿಗೆ ಒಂದಡಿ ಉದ್ದ. 18 ಅಂಗುಲಕ್ಕೆ 18 ಅಡಿ. ಎಂಟಡಿಯಲ್ಲಿ ಮುಗಿಸಿದರೆ ಹತ್ತುವಾಗ ಮುಂದಿನ ಚಕ್ರ ಎದ್ದು ಕುರ್ಚಿ ಹಿಂದಕ್ಕೆ ಮಗುಚುತ್ತದೆ, ಇಳಿಯುವಾಗ ಹಿಡಿದವರನ್ನೂ ಎಳೆದುಕೊಂಡು ಹೋಗುತ್ತದೆ.

ಧ್ವಜಕಟ್ಟೆಯ ಕಡೆಗೆ ಯಾಕೆ ಹೋಗಬೇಕು? ಜಗಲಿಗೆ ಅಂಟಿಕೊಂಡಂತೆ ಉದ್ದಕ್ಕೆ ಕಟ್ಟಿ. ಅಗಲ 4 ಅಡಿ. ಮೇಲೆ, ಕೆಳಗೆ ಎರಡೂ ಕಡೆ 5 ಅಡಿಗೆ 5 ಅಡಿ ಸಮತಟ್ಟು ಜಾಗ ಬೇಕು, ಇಲ್ಲದಿದ್ದರೆ ಕುರ್ಚಿ ತಿರುಗುವುದಿಲ್ಲ. ಏರನ್ನು ಮೆಟ್ಟಿಲ ಬಳಿ ಅಳೆಯಬೇಡಿ. ರ‍್ಯಾಂಪಿನ ಬುಡ ಬರುವ ಜಾಗದಲ್ಲಿ ಮಟ್ಟ ನೋಡುವ ನೀರಿನ ಟ್ಯೂಬ್ ಹಿಡಿದು ಅಳೆಯಿರಿ. ಅಲ್ಲಿ ನೆಲ ನಾಲ್ಕಂಗುಲ ತಗ್ಗಿದ್ದರೆ ಉದ್ದ 22 ಅಡಿಯಾಗುತ್ತದೆ. ಹೆಚ್ಚಿನ ಕಡೆ ಲೆಕ್ಕ ತಪ್ಪುವುದು ಇಲ್ಲೇ.

ಒಳಗೆ ತುಂಬುವ ಮಣ್ಣನ್ನು ಆರಾರು ಅಂಗುಲದ ಪದರದಲ್ಲಿ ನೀರು ಹಾಕಿ ದಮ್ಮಸು ಮಾಡಿಸಿ. ಒಟ್ಟಿಗೆ ಸುರಿದರೆ ಮೊದಲ ಮಳೆಗೇ ಕುಸಿದು ಜಗಲಿ ಸೇರುವಲ್ಲಿ ಅರ್ಧ ಅಂಗುಲ ಅಂಚು ಏಳುತ್ತದೆ, ಸಣ್ಣ ಚಕ್ರ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೇಲ್ಮೈಯನ್ನು ನುಣ್ಣಗೆ ಉಜ್ಜದೆ ಅಡ್ಡಕ್ಕೆ ಪೊರಕೆ ಎಳೆಯಲಿ. ಚಂದಕ್ಕೆಂದು ಆಳದ ಗೀರು ಹಾಕುವ ಮೇಸ್ತ್ರಿಗಳಿದ್ದಾರೆ, ಬೇಡ ಅನ್ನಿ. ತೆರೆದ ಬದಿಗೆ ನಾಲ್ಕಂಗುಲ ಕಟ್ಟೆ, ಎರಡೂ ಬದಿಗೆ ಹಿಡಿದು ನಡೆಯುವ ಕಂಬಿ: 28 ಅಂಗುಲ ಎತ್ತರಕ್ಕೊಂದು, 36ಕ್ಕೊಂದು. ಕೆಳಗಿನದು ಮಕ್ಕಳಿಗೆ.

ಕರಿಹಲಗೆ:
ಜಗಲಿ ಪಕ್ಕ ಅಂದರೆ ಹೆಂಚಿನ ಸೂರಿನ ನೀರು ನೇರ ಅದರ ಮೇಲೇ ಬೀಳುತ್ತದಲ್ಲ?

ಗಾರೆಕರಣೆ:
ಬೀಳುತ್ತದೆ, ಪಾಚಿಯೂ ಕಟ್ಟುತ್ತದೆ. ಸೂರಿಗೆ ದೋಣಿ ಹಾಕಿಸಿ ನೀರನ್ನು ಪೈಪಿನಲ್ಲಿ ಇಳಿಸಿ. ಆ ಖರ್ಚನ್ನು ಈಗಲೇ ಎಸ್ಟಿಮೇಟಿಗೆ ಸೇರಿಸಿ, ಆಮೇಲೆ ಯಾರೂ ಕೊಡುವುದಿಲ್ಲ.

ಸಂಪನ್ಮೂಲ ಶಿಕ್ಷಕಿ:
ರ‍್ಯಾಂಪ್ ಕಟ್ಟಿ ಶೌಚಾಲಯ ಮರೆತರೆ ಮಗು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುತ್ತದೆ, ಆಮೇಲೆ ಶಾಲೆ ಬಿಡುತ್ತದೆ. ಬಾಗಿಲು ತೆರೆದಾಗ 3 ಅಡಿ ಸಿಗಬೇಕು, ಹೊರಕ್ಕೇ ತೆರೆಯಬೇಕು. ಒಳಗೆ ಮಗು ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲು ಅಡ್ಡವಾಗುತ್ತದೆ. ಕಮೋಡ್ ಎತ್ತರ ಸುಮಾರು 18 ಅಂಗುಲ, ಗೋಡೆಗೆ ಹಿಡಿಕೆ, ಪಕ್ಕದಲ್ಲಿ ಕುರ್ಚಿ ನಿಲ್ಲಲು 3 ಅಡಿ. ಆಮೇಲೆ ಅಲ್ಲಿ ಪೊರಕೆ, ಬ್ಲೀಚಿಂಗ್ ಪೌಡರ್ ಚೀಲ ತುಂಬಿ ಬೀಗ ಹಾಕಬೇಡಿ!

ಡೆಸ್ಕಿನ ಎತ್ತರವನ್ನು ಅವಳ ಕುರ್ಚಿಯಲ್ಲೇ ಅಳೆಯಿರಿ, ಮೊಣಕಾಲು ಕೆಳಗೆ ಹೋಗಬೇಕು. ಬಿಸಿಯೂಟಕ್ಕೆ ಎಲ್ಲರೂ ನೆಲದ ಪಂಕ್ತಿಯಲ್ಲಿ ಕೂತರೆ ಅವಳೊಬ್ಬಳೇ ಮೇಲೆ ಉಳಿಯುತ್ತಾಳೆ. ಒಂದು ಉದ್ದ ಮೇಜು ಹಾಕಿ, ದಿನಕ್ಕೆ ಐದಾರು ಮಕ್ಕಳು ಸರದಿಯಲ್ಲಿ ಅವಳ ಜೊತೆ ಕೂರಲಿ. ಬಿಇಒ ಕಚೇರಿಗೆ ಪತ್ರ ಬರೆದು ತಾಲ್ಲೂಕಿನ ಬಿಐಇಆರ್‌ಟಿಯನ್ನು (ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕರು) ಕರೆಸಿ, ಮಗುವಿನ ಜೊತೆಗೇ ಅಳತೆ ನೋಡಲಿ.

ತಿದ್ದುಪಡಿ:
ಎತ್ತಿಕೊಂಡು ಹೋಗುವ ಮಾತಿಗೆ: ಅಂಗವಿಕಲರ ಹಕ್ಕುಗಳ ಅಧಿನಿಯಮ 2016ರ 16ನೇ ಕಲಮು ತಾರತಮ್ಯವಿಲ್ಲದ ದಾಖಲಾತಿಯ ಜೊತೆಗೆ ಕಟ್ಟಡ, ಆವರಣಗಳೂ ಬಳಕೆಗೆ ಸಿಗಬೇಕು ಅನ್ನುತ್ತದೆ. ಸಭೆಯ ನಡಾವಳಿಯಲ್ಲಿ ಅದನ್ನೇ ಬರೆಸಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇನ್ನೂ ಬಂದಿಲ್ಲ ಅಂತ ದಾಖಲಾತಿ ತಡೆಯಬೇಡಿ, ಅದರ ಅರ್ಜಿ ಬೇರೆ ನಡೆಯಲಿ. ರ‍್ಯಾಂಪ್ ಒಣಗುವವರೆಗೆ ಎತ್ತಲೇಬೇಕಾಗಿ ಬಂದರೆ ಕೈ ಆನಿಸುವ ಪಟ್ಟಿ, ಕಾಲಿಡುವ ಹಲಗೆ ಹಿಡಿದು ಎತ್ತಬಾರದು, ಕಳಚಿ ಕೈಗೇ ಬರುತ್ತವೆ. ಗಟ್ಟಿ ಚೌಕಟ್ಟನ್ನೇ ಹಿಡಿಯಿರಿ. ಅದಕ್ಕೂ ಮೊದಲು ಅವಳನ್ನು ಒಂದು ಮಾತು ಕೇಳಿ.