ಸಮಸ್ಯೆ: ಮರಮಂ ಸಗಣಿಯ ಶಿಲೀಂಧ್ರಮೇಳಿಸಿದುದಲಾ

ಮಡಿಕೇರಿ: ಇಂದು ಬೆಳಗ್ಗೆ ಕೊಟ್ಟಿಗೆಯ ಹಿಂದೆ, ನಾಲ್ಕೈದು ದಿನದ ಸಗಣಿಯ ಮೇಲೆ ಪೈಲೋಬೋಲಸ್ ಎಂಬ ಶಿಲೀಂಧ್ರ ಗಾಜಿನ ಕಡ್ಡಿಗಳಂತೆ ಎದ್ದಿತ್ತು; ಒಂದೊಂದರ ತುದಿಯಲ್ಲೂ ನೀರಿನ ಗುಳ್ಳೆ, ಅದರ ಮೇಲೊಂದು ಕರಿಟೋಪಿ. ಆಗ ಹೊಳೆದ ಸಾಲಿದು; ಇದೇ ಕೊನೆಯಾಗುವಂತೆ ಮೇಲಿನ ಮೂರು ಸಾಲು ಕಟ್ಟಿ ಕಂದಪದ್ಯವನ್ನು ಪೂರಣ ಮಾಡಿ. ಮರ ಯಾವುದೆಂಬುದು ನಿಮಗೆ ಬಿಟ್ಟದ್ದು.

ಸಂಪಾಜೆ: ನಮ್ಮ ಕಡೆ ಮರವೆಂದರೆ ರಬ್ಬರ್.

ಉರಿಬಿಸಿಲೊಳ್ ಬಿರಿದೆಸುವುದು
ಪರದೇಶದ ಮರನೆ ತನ್ನ ಬಿತ್ತಂ ದೂರಂ
ಕಿರಿದೆನಿಸಿರ್ದೊಡಮೀಗಳ್
ಮರಮಂ ಸಗಣಿಯ ಶಿಲೀಂಧ್ರಮೇಳಿಸಿದುದಲಾ

ವಿರಾಜಪೇಟೆ: ಅಮೆಜಾನಿನ ಮರ ಚೆನ್ನಾಗಿ ಬಂದಿದೆ. ಆದರೆ ‘ಕಿರಿದು’ ಎಂಬಲ್ಲಿರುವುದು ಶಕಟರೇಫ, ಅಂದರೆ ಹಳಗನ್ನಡದ ಬಂಡಿ ‘ಱ’. ಅದನ್ನು ಸಾದಾ ‘ರ’ಕಾರದ ಉರಿ, ಮರಗಳ ಪ್ರಾಸಪಂಕ್ತಿಯಲ್ಲಿ ಕೂರಿಸಿದವರು, ಕಳೆದ ತಿಂಗಳು ನನ್ನ ಪ್ರಾಸವನ್ನು ಹರಿದುಹಾಕಿದ ಮಹನೀಯರೇ ಅಲ್ಲವೇ?

ಸಂಪಾಜೆ: ಆ ಬಂಡಿಯನ್ನು ಕನ್ನಡಿಗರು ಕೊಟ್ಟಿಗೆಗೆ ಸೇರಿಸಿ ಶತಮಾನಗಳಾದವು. ತಾವೊಬ್ಬರೇ ಇನ್ನೂ ಎಳೆಯುತ್ತಿದ್ದೀರಿ.

ವಿರಾಜಪೇಟೆ: ‘ಎಸುವುದು’, ‘ಇರ್ದೊಡಂ’ ಎಂದು ಹಳಗನ್ನಡದ ಅಂಗಿ ತೊಟ್ಟವರು ಗುಂಡಿಯನ್ನೂ ಹಾಕಿಕೊಳ್ಳಬೇಕು. ಅದಿರಲಿ, ರಬ್ಬರ್ ಕಾಯಿ ಒಣಗಿ ಸಿಡಿಯುತ್ತದೆ, ಈ ಬೂಷ್ಟು ನೀರು ಬಿಗಿದು ಸಿಡಿಯುತ್ತದೆ. ಮರವನ್ನು ಏಳಿಸುವುದಕ್ಕೆ ಪದ್ಯದಲ್ಲಿ ಕಾರಣವೆಲ್ಲಿದೆ?

ಸಂಪಾಜೆ: ತಾವು ಹಿಡಿದ ಪದದಲ್ಲೇ ಇದೆ. ಎರಡು ಸೆಂಟಿಮೀಟರ್ ಎತ್ತರದ ಜೀವಿ ತನ್ನ ಟೋಪಿಯನ್ನು 2 ಮೀಟರ್ ಆಚೆಗೆ, ಅಂದರೆ ತನ್ನೆತ್ತರದ ನೂರು ಪಟ್ಟು ದೂರಕ್ಕೆ ಉಗಿಯುತ್ತದೆ. ಮಳೆ ಬಿಟ್ಟ ಮಧ್ಯಾಹ್ನ ನಮ್ಮ ಹೆಂಚಿನ ಮೇಲೆ ಟಪ್ಪೆಂದು ಬಿತ್ತ ಬೀಳಿಸುವ ಮರ ತನ್ನೆತ್ತರದಷ್ಟು ದೂರ ಎಸೆದರೇ ಹೆಚ್ಚು. ಆದರೂ ತಮ್ಮ ಸಮಾಧಾನಕ್ಕೆ ಮೂರನೆಯ ಸಾಲನ್ನು ‘ಬೆರಲಳವಲ್ತೆನಿಸಿಯುಮೀ’ (ಬೆರಳಿನಳತೆಯೂ ಇಲ್ಲವೆನಿಸಿದರೂ ಈ) ಎಂದು ಓದಿಕೊಳ್ಳಿ.

ವಿರಾಜಪೇಟೆ: ಇದು ನಿಲ್ಲುತ್ತದೆ. ಮೊದಲೇ ಬರೆಯಬಹುದಿತ್ತು.

ಗೋಣಿಕೊಪ್ಪ:

ಸುರಭಿಯ ಪೊಟ್ಟೆಯೊಳುಳಿವೆಂ
ತಿರುಗುವೆನಾಂ ಬೆಳಗಿನತ್ತ ನೀನೇನರಿವಯ್
ಸರಸದಿನೆಂದೀ ಪರಿಯಿಂ
ಮರಮಂ ಸಗಣಿಯ ಶಿಲೀಂಧ್ರಮೇಳಿಸಿದುದಲಾ

ಮಡಿಕೇರಿ: ಸೊಗಸು.

ಸೋಮವಾರಪೇಟೆ: ‘ಏಳಿಸಿದುದು’ ಎಂದರೆ ಎಬ್ಬಿಸಿತು ಎಂದಲ್ಲವೇ? ಸಗಣಿಗೊಬ್ಬರ ಉಂಡು ಮರ ಎದ್ದು ನಿಂತಿತೆಂದು ನಾನು ಅರ್ಧ ಪದ್ಯ ಕಟ್ಟಿದ್ದೆ.

ಮಡಿಕೇರಿ: ಇಲ್ಲಿ ಹೀಯಾಳಿಸಿತು ಎಂದರ್ಥ. ಗೋಣಿಕೊಪ್ಪದವರ ಪದ್ಯವನ್ನು ಇನ್ನೊಮ್ಮೆ ಓದಿ: ಹುಲ್ಲಿಗಂಟಿದ ಟೋಪಿಯನ್ನು ಹಸು ಮೇಯ್ದು, ಬೀಜಕಣಗಳು ಕರುಳು ದಾಟಿ ಬಂದರಷ್ಟೇ ಮುಂದಿನ ಸಗಣಿಯಲ್ಲಿ ಅದಕ್ಕೆ ಹುಟ್ಟು. ಆ ದಾರಿ ರಬ್ಬರಿಗೆ ಗೊತ್ತಿಲ್ಲ.

ಸಂಪಾಜೆ: ಎಲ್ಲರದೂ ಬಂತು. ವಿರಾಜಪೇಟೆಯವರ ಪೂರಣವೆಲ್ಲಿ?

ವಿರಾಜಪೇಟೆ: ಕಂದದ ಛಂದಸ್ಸಿನ ಆರನೆಯ ಗಣ ಇನ್ನೂ ಕೂರುತ್ತಿಲ್ಲ. ನಾಳೆ ಬರುತ್ತೇನೆ.