ಕೊಲ್ಯಾಬ್‌ಗೆ ಕೂಡಾಟ ಅನ್ನಬಹುದೇ?

ಗೆಳೆಯರೇ,

ಇಂಗ್ಲೆಂಡಿನ ಇಂಡೀ ಫೋಕ್ (ಜನಪದದ ಧಾಟಿಯ ಹೊಸ ಹಾಡು) ಹಾಡುಗಾರರಾದ ಲಾರಾ ಮಾರ್ಲಿಂಗ್ ಮತ್ತು ಮಮ್‌ಫರ್ಡ್ ಅಂಡ್ ಸನ್ಸ್ ತಂಡ, ರಾಜಸ್ಥಾನದ ಕಲಾವಿದರ ಧರೋಹರ್ ಪ್ರಾಜೆಕ್ಟ್ ಜೊತೆ ದೆಹಲಿಯಲ್ಲಿ ಸೇರಿ ಹಾಡಿದ ಪುಟ್ಟ ಆಲ್ಬಂ ಒಂದು 2010ರಲ್ಲಿ ಬಂತು. ನಾಲ್ಕೇ ಹಾಡು. ಅದರ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. ‘ಕೊಲ್ಯಾಬೊರೇಶನ್’ ಅನ್ನಬೇಕಾದಲ್ಲೆಲ್ಲ ಪೆನ್ನು ನಿಲ್ಲುತ್ತಿದೆ.

ಮೊದಲು ನೆನಪಾಗುವುದು ‘ಸಹಯೋಗ’. ಅರ್ಥದಲ್ಲಿ ತಪ್ಪೇನಿಲ್ಲ. ಆದರೆ ಆ ಪದವನ್ನು ನಾವು ಜಾಸ್ತಿ ನೋಡುವುದು ಎಲ್ಲಿ? ಆಮಂತ್ರಣ ಪತ್ರಿಕೆಯಲ್ಲಿ. ಮೇಲೆ ದಪ್ಪಕ್ಷರದಲ್ಲಿ ಇಲಾಖೆಯ ಹೆಸರು, ಕೆಳಗೆ ಸಣ್ಣದಾಗಿ ‘ಇವರ ಸಹಯೋಗದಲ್ಲಿ’, ಅದರ ಕೆಳಗೊಂದು ಸಂಘ. ಅಲ್ಲಿ ಸಹಯೋಗ ಅಂದರೆ ದುಡ್ಡು, ಇಲ್ಲವೇ ಸಭಾಂಗಣ. ಹಾಡಿಗೆ ಆ ಪದ ಹಾಕಿದರೆ ಸ್ವಾಗತ ಭಾಷಣ ಇನ್ನೇನು ಶುರುವಾಯಿತು ಅನ್ನಿಸುತ್ತದೆ.

‘ಜುಗಲ್ಬಂದಿ’ ಎಲ್ಲರಿಗೂ ಗೊತ್ತು. ಆದರೆ ರವಿಶಂಕರ್ ಮತ್ತು ಅಲಿ ಅಕ್ಬರ್ ಖಾನ್ ಜುಗಲ್ಬಂದಿಗೆ ಕೂತರೆ ಇಬ್ಬರಿಗೂ ಒಂದೇ ರಾಗ, ಒಂದೇ ತಾಳ. ಕಲಿತದ್ದೂ ಒಂದೇ ಗುರುವಿನ ಹತ್ತಿರ. ಇಲ್ಲಿ ಹಾಗಲ್ಲ. ಒಬ್ಬರ ಪದ್ಧತಿ ಇನ್ನೊಬ್ಬರದಲ್ಲ. ‘ಪಕ್ಕವಾದ್ಯ’, ‘ಸಾಥ್’ ಅಂದರೆ ಒಬ್ಬರು ಮುಖ್ಯ, ಉಳಿದವರು ಪಕ್ಕದವರು. ‘ಫ್ಯೂಷನ್’ ಹಾಗೆ ಸೇರಿದಾಗ ಹುಟ್ಟಿದ ಸಂಗೀತದ ಹೆಸರು, ಸೇರಿ ಹಾಡುವ ಕೆಲಸದ ಹೆಸರಲ್ಲ.

ಈ ಆಲ್ಬಂನ ಒಂದು ಹಾಡನ್ನೇ ತೆಗೆದುಕೊಳ್ಳಿ. ಮಾರ್ಲಿಂಗ್ ಅವರ ‘ಡೆವಿಲ್ಸ್ ಸ್ಪೋಕ್’ ಜೊತೆ ಧರೋಹರ್ ತಂಡದ ‘ಸ್ನೇಹ್ ಕೋ ಮಾರ್ಗ್’ ಹೆಣೆದಿದ್ದಾರೆ. ಹೆಸರಲ್ಲೂ ಎರಡನ್ನೂ ಇಟ್ಟು ನಡುವೆ ಒಂದು ಓರೆಗೆರೆ ಎಳೆದಿದ್ದಾರೆ, ಅಷ್ಟೇ. ಯಾವ ಹಾಡೂ ತನ್ನ ಭಾಷೆ ಬಿಟ್ಟಿಲ್ಲ. ಆದರೂ ಓಟ ಒಂದೇ.

ಇದನ್ನು ಕೇಳುವಾಗ ನನಗೆ ನೆನಪಾದದ್ದು ಯಕ್ಷಗಾನದ ಎರಡು ಪದಗಳು, ಜೋಡಾಟ ಮತ್ತು ಕೂಡಾಟ. ಜೋಡಾಟದಲ್ಲಿ ಅಕ್ಕಪಕ್ಕ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ. ಅದು ಪಕ್ಕಾ ಜಿದ್ದು. ಯಾವ ಕಡೆಯ ಚೆಂಡೆ ಕಾವೇರುತ್ತದೋ ಜನ ಆ ಕಡೆ ಸರಿಯುತ್ತಾರೆ. ಕೂಡಾಟದಲ್ಲಿ ಬೇರೆ ಬೇರೆ ಮೇಳದವರು ಒಂದೇ ರಂಗಸ್ಥಳದಲ್ಲಿ ಪಾತ್ರ ಹಂಚಿಕೊಂಡು ಕುಣಿಯುತ್ತಾರೆ. ಯಕ್ಷಗಾನದ ಎರಡು ತಿಟ್ಟುಗಳಾದ (ಶೈಲಿಗಳಾದ) ತೆಂಕು ಬಡಗು ಸೇರುವ ಕೂಡಾಟವೂ ಉಂಟು. ಆಗ ತೆಂಕಿನ ವೇಷ ತೆಂಕಿನದಾಗಿಯೇ, ಬಡಗಿನದು ಬಡಗಿನದಾಗಿಯೇ ಇದ್ದು ಪ್ರಸಂಗ ಮುಂದೆ ಸಾಗುತ್ತದೆ. ನನಗೆ ಬೇಕಾದ ಅರ್ಥ ಹೆಚ್ಚುಕಮ್ಮಿ ಇದೇ.

ಬಯಲುಸೀಮೆಯಲ್ಲಿ ಗೀಗೀ ಪದದ ಹರದೇಶಿ ನಾಗೇಶಿ ಇದೆ. ಗಂಡು ಹೆಚ್ಚು ಅನ್ನುವವರು ಒಂದು ಕಡೆ, ಹೆಣ್ಣು ಹೆಚ್ಚು ಅನ್ನುವವರು ಇನ್ನೊಂದು ಕಡೆ, ಪದದಲ್ಲೇ ಸವಾಲು, ಪದದಲ್ಲೇ ಜವಾಬು. ಅದೂ ಜೋಡಾಟದ ಜಾತಿಯದೇ, ಸೇರಿ ಹಾಡುವುದಲ್ಲ.

ಹಾಗಾಗಿ ಕೊಲ್ಯಾಬ್‌ಗೆ ‘ಕೂಡಾಟ’ವನ್ನೇ ಎರವಲು ತರಬಹುದೇ? ಕರಾವಳಿಯವರಿಗೆ ‘ಆಟ’ ಅಂದರೆ ಯಕ್ಷಗಾನವೇ, ಅದನ್ನು ಗಿಟಾರಿನವರಿಗೆ ಕೊಟ್ಟರೆ ಕಿರಿಕಿರಿ ಆದೀತೇ? ಘಟ್ಟದ ಮೇಲೆ ಈ ಪದ ಕೇಳಿ ಮುಸಿಮುಸಿ ನಗುವವರೂ ಇದ್ದಾರೆ, ಅದು ಬೇರೆ ಮಾತು. ಕೂಡುಕುಟುಂಬದ ದಾರಿ ಹಿಡಿದು ‘ಕೂಡುಹಾಡು’ ಅಂತ ಕಟ್ಟಬಹುದು. ನನ್ನ ಒಲವು ಅದರ ಕಡೆಗೇ.

ಉಳಿದವಕ್ಕೆ ತಲೆ ಕೆಡಿಸಿಕೊಂಡಿಲ್ಲ. ಮ್ಯೂಸಿಕ್ ಫೆಸ್ಟಿವಲ್‌ಗೆ ‘ಹಾಡುಹಬ್ಬ’ ಸಾಕು. ‘ಲೈವ್’ ಅನ್ನು ‘ನೇರ’ ಅಂದರೆ ಟಿವಿಯ ನೇರಪ್ರಸಾರ ಆಗಿಬಿಡುತ್ತದೆ, ಸಂಗೀತ ಕಚೇರಿ ಅಂದರೆ ಲೈವ್ ಅಂತ ಬೇರೆ ಹೇಳಬೇಕಿಲ್ಲ. ‘ಇಂಡೀ ಫೋಕ್’ ಹಾಗೇ ಇರಲಿ. ‘ಸ್ವತಂತ್ರ ಜನಪದ’ ಅಂದರೆ ದಾರಿ ತಪ್ಪುತ್ತದೆ, ಯಾಕೆಂದರೆ ಈ ಹಾಡುಗಳಲ್ಲಿ ಎಷ್ಟೋ ಅವರೇ ಬರೆದವು. ನಮ್ಮಲ್ಲೂ ರಘು ದೀಕ್ಷಿತ್ ಗಿಟಾರ್ ಹಿಡಿದು ಶರೀಫರ ಪದ ಹಾಡಿದರೆ ಜನಪದ ಅಂತಾರೆ. ಬರೆದವರ ಅಂಕಿತ (ಹಾಡಿನೊಳಗಿನ ಗುರುತಿನ ಹೆಸರು) ಇರುವ ತತ್ವಪದ ಜನಪದ ಹೇಗಾಗುತ್ತದೆ, ಅಲ್ವಾ?

ಭಜನೆ, ತತ್ವಪದದ ಮೇಳಗಳಲ್ಲಿ ಎರಡು ಊರಿನವರು ಕೂಡಿ ಹಾಡಿದರೆ ಅದಕ್ಕೊಂದು ಹೆಸರಿದೆಯೇ? ಧಾರವಾಡ, ಕಲಬುರಗಿ ಕಡೆಯವರು ಯಾರಾದರೂ ಹೇಳಿ. ಅಂಥದ್ದು ಸಿಕ್ಕರೆ ‘ಕೂಡುಹಾಡು’ ಕೈಬಿಡುತ್ತೇನೆ.